ಮಿಷನ್ ನಿಧಾನ ತುಳಿದ ಗುರುವಾರಗಳು

ಕೋಲ್ಕತ್ತಾಕ್ಕೆ ಬಂದ ಮೊದಲ ಸಂಜೆ ನಮ್ಮ ಕಟ್ಟಡದಲ್ಲಿ ಯಾರೋ ಸತ್ತಿದ್ದಾರೆ ಎಂದುಕೊಂಡೆ. ಸಾಮಾನಿನ ಗಂಟುಗಳನ್ನು ಇನ್ನೂ ಬಿಚ್ಚಿರಲಿಲ್ಲ. ಹೊತ್ತು ಮುಳುಗುತ್ತಿದ್ದಂತೆ ಕೆಳಗಿನ ಮನೆಯಲ್ಲಿ ಶಂಖ ಊದಿದರು. ಅದು ನಿಲ್ಲುವುದರೊಳಗೆ ಎದುರಿನ ಕಟ್ಟಡದಿಂದ ಇನ್ನೊಂದು, ಹಿಂದಿನ ಗಲ್ಲಿಯಿಂದ ಮತ್ತೊಂದು. ಬೆಟಗೇರಿಯ ನಮ್ಮ ಓಣಿಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಶಂಖ ಕೇಳಿಸಿದರೆ ಹೆಣ ಹೊರಟಿದೆ ಎಂದೇ ಅರ್ಥ. ಹೆಂಗಸರು ಮಕ್ಕಳನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡುತ್ತಿದ್ದರು. ನಾನೂ ಎದ್ದು ಬಾಗಿಲು ಮುಂದೆ ಮಾಡಿದೆ. ಒಂದೇ ಸಂಜೆ ಇಷ್ಟು ಸಾವೇ, ಎಂಥ ಊರಿಗೆ ತಂದು ಹಾಕಿದರಪ್ಪಾ ಎಂದುಕೊಂಡೆ. ನಮ್ಮ ಮನೆಯವರು ಹಾಲು ತೆಗೆದುಕೊಂಡು ಬಂದವರು ನನ್ನ ಮುಖ ನೋಡಿ ವಿಚಾರಿಸಿ ನಕ್ಕರು. ಇಲ್ಲಿ ಮನೆಯಾಕೆ ದೀಪ ಹಚ್ಚಿ ದಿನಾ ಶಂಖ ಊದುತ್ತಾಳಂತೆ. ಅದು ಮನೆಗೆ ಶುಭವಂತೆ.

ಈಗ ಆ ಶಂಖ ಕೇಳಿಸಿದರೆ ಒಲೆಯ ಮೇಲೆ ಹಾಲು ಇಡುವ ಹೊತ್ತಾಯಿತು ಎಂದು ಏಳುತ್ತೇನೆ. ಹೆದರಿಕೆ ಹೋಗಿ ಎಷ್ಟೋ ಕಾಲವಾಯಿತು. ಆದರೆ ಈ ಊರು ನನಗೆ ತೋರಿಸಿದ ಇನ್ನೊಂದು ವಿಚಿತ್ರಕ್ಕೆ ನಾನು ಒಗ್ಗಿಕೊಳ್ಳಲಿಲ್ಲ. ಒಗ್ಗದೇ ಹೋದದ್ದರಿಂದ ನನ್ನ ತಂಗಿಗೆ ಸಿಗಲಿದ್ದ ಕೆಲಸ ತಪ್ಪಿತು. ಇನ್ನೊಂದು ಹುಡುಗಿಗೆ ಏನಾಯಿತೋ ಗೊತ್ತಿಲ್ಲ. ಇನ್ನೊಬ್ಬರ ದುಃಖ ಕೇಳುವುದಕ್ಕೂ ಸರ್ಟಿಫಿಕೇಟ್ ಬೇಕು ಎನ್ನುವುದೇ ಆ ವಿಚಿತ್ರ. ಅದನ್ನೇ ಬರೆಯಬೇಕೆಂದು ಕೂತಿದ್ದೇನೆ. ನಾನು ಏಳನೆಯ ಇಯತ್ತೆಯವರೆಗೆ ಓದಿದವಳು, ತಪ್ಪಿದ್ದರೆ ತಿದ್ದಿಕೊಂಡು ಓದಬೇಕು.

ನಮ್ಮದು ನೇಕಾರರ ಮನೆ. ಅವ್ವ ತೀರಿಕೊಂಡ ಮೇಲೆ ಅಪ್ಪನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವವರು ಬೇಕಿತ್ತು. ಹಿರಿಯವಳಾದ ನಾನು ಸಾಲೆ ಬಿಟ್ಟು ಕಂಡಿಕೆ ಸುತ್ತಲು ಕೂತೆ. ತಂಗಿ ಗಿರಿಜಾ ಆಗ ಸಣ್ಣವಳು. ಅವಳು ಓದಲಿ ಎಂದು ನಾನೇ ಹಟ ಹಿಡಿದೆ. ಅವಳು ಓದಿದಳು. ಧಾರವಾಡದಲ್ಲಿ ಮನಃಶಾಸ್ತ್ರ ತೆಗೆದುಕೊಂಡು ಎಂ.ಎ. ಮುಗಿಸಿದಳು. ಅಷ್ಟರಲ್ಲಿ ನನ್ನ ಮದುವೆಯಾಗಿ, ನಮ್ಮವರಿಗೆ ಹುಬ್ಬಳ್ಳಿಯ ರೈಲ್ವೆಯಿಂದ ಬಡ್ತಿಯ ಮೇಲೆ ಕೋಲ್ಕತ್ತಾಕ್ಕೆ ವರ್ಗವಾಗಿ, ನಾವು ಖಿದಿರ್‌ಪುರದ ಹತ್ತಿರದ ಕ್ವಾರ್ಟರ್ಸಿಗೆ ಬಂದಿದ್ದೆವು. ಎರಡು ಕೋಣೆ, ಒಂದು ಅಡಿಗೆಮನೆ, ಕೋಣೆಗಳ ನಡುವೆ ಬಾಗಿಲಿಲ್ಲ, ಪರದೆ. ಬಂದರಿನಲ್ಲಿ ಹಡಗು ಕೂಗಿದರೆ ನಮ್ಮ ಲೋಟಗಳು ನಡುಗಿದಂತೆ ಅನಿಸುತ್ತಿತ್ತು.

ಮೊದಲ ವರ್ಷ ನಾನು ಯಾರ ಜೊತೆಗೂ ಮಾತಾಡಲಿಲ್ಲ ಎಂದೇ ಹೇಳಬೇಕು. ಊರಿನಲ್ಲಿ ನೀರಿಗೆ ಹೋದರೆ ನಾಲ್ಕು ಮಾತು, ಹಿಟ್ಟಿನ ಗಿರಣಿಗೆ ಹೋದರೆ ಹತ್ತು ಮಾತು. ಇಲ್ಲಿ ಜೋಳ ಬೀಸುವ ಗಿರಣಿಯೇ ಇರಲಿಲ್ಲ. ಊರಿಂದ ತಂದ ಹಿಟ್ಟು ಮುಗಿದ ದಿನ ಅತ್ತಿದ್ದೆ. ಮಾರುಕಟ್ಟೆಯಲ್ಲಿ ತರಕಾರಿಯ ಪಕ್ಕದಲ್ಲೇ ಮೀನು ಕೊಯ್ಯುತ್ತಿದ್ದರು, ಮೂಗು ಮುಚ್ಚಿಕೊಂಡು ಬೆರಳು ತೋರಿಸಿ ಕೊಳ್ಳುತ್ತಿದ್ದೆ. ನನ್ನನ್ನು ಮಾತಿಗೆ ಎಳೆದದ್ದು ಹೊಲಿಗೆ ಮಿಷನ್ನು. ಸೀರೆಗೆ ಫಾಲ್ ಹಚ್ಚಿ, ಪಿಕೋ ಮಾಡಿ ಕೊಡುತ್ತಾಳೆ ಈಕೆ ಎಂದು ಪಕ್ಕದ ಮನೆಯಾಕೆ ನಾಲ್ಕು ಜನಕ್ಕೆ ಹೇಳಿದಳು. ಇಡೀ ಪಾಡಾಕ್ಕೆ, ಅಂದರೆ ನಮ್ಮ ಓಣಿಯಂಥ ನೆರೆಹೊರೆಗೆ, ನಾನು ‘ಬೌದಿ’ ಆದೆ. ಬೌದಿ ಎಂದರೆ ಅತ್ತಿಗೆ. ಗಿರಾಕಿಗಳ ಜೊತೆ ಜಗಳಾಡುತ್ತಾ ಹಿಂದಿ ಬಂತು, ತರಕಾರಿಯವನ ಜೊತೆ ಚೌಕಾಸಿ ಮಾಡುತ್ತಾ ಬಂಗಾಳಿ ಬಂತು. ಒಂದು ದಿನ ಪೊಟೋಲ್ ಎನ್ನುವ ಇಲ್ಲಿಯ ಕಾಯಿ ಬಲಿತಿದೆ ಎಂದು ಬಂಗಾಳಿಯಲ್ಲೇ ಬೈದು ವಾಪಸು ಕೊಟ್ಟು ಬಂದಾಗ, ನಾನು ಈ ಊರಲ್ಲಿ ಬದುಕಬಲ್ಲೆ ಎಂದು ಧೈರ್ಯ ಬಂತು. ಇದನ್ನು ಯಾಕೆ ಇಷ್ಟು ಬರೆಯುತ್ತಿದ್ದೇನೆ ಎಂದರೆ, ನನಗೆ ಎರಡೂ ಭಾಷೆ ಚೆನ್ನಾಗಿ ಬರುತ್ತಿತ್ತು ಎನ್ನುವುದನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ಗಿರಿಜಾ ಬಂದದ್ದು ಆಮೇಲೆ. ಆಗ ಊರಿನ ಆಚೆ ತುದಿಯಲ್ಲಿ, ಸೆಕ್ಟರ್ ಫೈವ್ ಎನ್ನುವ ಕಡೆ, ಗಾಜಿನ ಕಟ್ಟಡಗಳು ದಿನಕ್ಕೊಂದು ಎನ್ನುವಂತೆ ಏಳುತ್ತಿದ್ದವು. ಬೆಂಗಳೂರು, ಹೈದರಾಬಾದಿನ ಕಂಪ್ಯೂಟರ್ ಹುಡುಗ ಹುಡುಗಿಯರು ಅಲ್ಲಿ ಬಂದು ತುಂಬಿಕೊಂಡಿದ್ದರು. ಅವರಿಗೆ ನಿದ್ದೆ ಇಲ್ಲ, ಊಟದ ಹೊತ್ತಿಲ್ಲ. ಕೆಲವರು ಕೆಲಸದ ಜಾಗದಲ್ಲೇ ಅಳುತ್ತಾರೆ, ಕೆಲವರು ಅದಕ್ಕಿಂತ ಕೆಟ್ಟದ್ದನ್ನು ಮಾಡಿಕೊಳ್ಳುತ್ತಾರೆ ಎಂದು ಗಿರಿಜಾ ಹೇಳುತ್ತಿದ್ದಳು. ಅಂಥವರ ಮಾತು ಕೇಳಲು ಕಂಪನಿಗಳು ಕೌನ್ಸೆಲರ್‌ಗಳನ್ನು ಇಟ್ಟುಕೊಳ್ಳುತ್ತಿದ್ದವು. ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಬರುವ ಗಿರಿಜಾಳನ್ನು ಒಂದು ಕಂಪನಿ ಮಾತಾಡಿಸಿಯೂ ಆಗಿತ್ತು. ಕೆಲಸ ಕೊಡುತ್ತೇವೆ, ಸರ್ಟಿಫಿಕೇಟ್ ತಂದುಕೊಡು ಎಂದಿದ್ದರು. ಆ ಸರ್ಟಿಫಿಕೇಟಿಗಾಗಿ ಅವಳು ಜಾದವ್‌ಪುರದ ಒಂದು ಸಂಸ್ಥೆಗೆ ಸೇರಿ, ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು.

ಎಂ.ಎ. ಮುಗಿದ ಮೇಲೆ ಮತ್ತೆಂಥ ಸರ್ಟಿಫಿಕೇಟ್ ಎಂದು ನನಗೆ ತಿಳಿಯುತ್ತಿರಲಿಲ್ಲ. ನಾನು ರೊಟ್ಟಿ ತಟ್ಟುವಾಗ ಅವಳು ಪಕ್ಕದಲ್ಲಿ ಕೂತು ಹೇಳುತ್ತಿದ್ದಳು. ಪುಸ್ತಕ ಓದಿದರೆ ಸಾಲದು. ಹಿರಿಯರೊಬ್ಬರ ಕಣ್ಣಳತೆಯಲ್ಲಿ ಇಷ್ಟು ತಾಸು ಅಂತ ಜನರ ಎದುರು ಕೂತು ಅವರ ಕಷ್ಟ ಕೇಳಬೇಕು. ಕೇಳಿದ್ದನ್ನು ಆ ಹಿರಿಯರ ಹತ್ತಿರ ಮಾತ್ರ ಚರ್ಚೆ ಮಾಡಬೇಕು, ಅವರು ಒಪ್ಪಿ ಸಹಿ ಹಾಕಬೇಕು. ತಾನೂ ಇನ್ನೊಬ್ಬರ ಎದುರು ಕೂತು ತನ್ನ ಕಷ್ಟ ಹೇಳಿಕೊಳ್ಳಬೇಕು, ಹೇಳಿಕೊಳ್ಳುವವರಿಗೆ ಹೇಗಾಗುತ್ತದೆ ಎಂದು ತಿಳಿಯಲಿಕ್ಕೆ. ಗುರುತಿನವರ ಕಷ್ಟ ಕೇಳುವಂತಿಲ್ಲ. ಮನೆಯಲ್ಲಿ ಕೇಳುವಂತಿಲ್ಲ. ಒಂದು ಮಾತೂ ಆ ಕೋಣೆ ಬಿಟ್ಟು ಹೊರಗೆ ಬರುವಂತಿಲ್ಲ. ಇಷ್ಟಾದ ಮೇಲೆ ಸಂಸ್ಥೆಯವರು ಸರ್ಟಿಫಿಕೇಟ್ ಕೊಡುತ್ತಾರೆ.

ನನಗೆ ನಗು ಬರುತ್ತಿತ್ತು. ನಮ್ಮ ಆಯಿ, ಅವ್ವನ ತಾಯಿ, ಕಟ್ಟೆಯ ಮೇಲೆ ಕೂತು ಓಣಿಯವರ ಕಷ್ಟವನ್ನೆಲ್ಲ ಕೇಳುತ್ತಿದ್ದಳು. ಸೊಸೆ ಅಳುತ್ತಾ ಬಂದರೆ ಅತ್ತೆಯನ್ನು ಕರೆಸಿ ಬುದ್ಧಿ ಹೇಳುತ್ತಿದ್ದಳು. ಗಂಡ ಕುಡಿದು ಬಂದರೆ ಅವನ ಅಣ್ಣನ ಮನೆಗೆ ಹೋಗಿ ಬೈದು ಬರುತ್ತಿದ್ದಳು.

“ಆಯಿಗೆ ಯಾರವಾ ಸರ್ಟಿಫಿಕೇಟ್ ಕೊಟ್ಟಿದ್ರು?” ಎಂದು ಒಮ್ಮೆ ಕೇಳಿದೆ.

“ಯಾರೂ ಕೊಟ್ಟಿದ್ದಿಲ್ಲ ಅಕ್ಕಾ,” ಎಂದಳು. “ಅದಕ್ಕ ಆಯಿ ಮುಂದ ಮುಂಜಾನೆ ಹೇಳಿದ್ದು ಸಂಜೀಕ ಓಣಿಗೆಲ್ಲಾ ಗೊತ್ತಾಗತಿತ್ತು.”

ಆ ಮಾತು ನನಗೆ ಸಿಟ್ಟು ತರಿಸಿತು. ಓದಿದವಳು ಆಯಿಯನ್ನು ಆಡಿಕೊಂಡಳು ಎಂದು ಎರಡು ದಿನ ಸರಿಯಾಗಿ ಮಾತಾಡಿಸಲಿಲ್ಲ. ಕಂಡಿಕೆ ಸುತ್ತಿ ಓದಿಸಿದ್ದು ನಾನು ಎನ್ನುವುದು ಬಾಯಿಯವರೆಗೆ ಬಂದು ನಿಂತಿತ್ತು. ಅವಳನ್ನು ಕಂಡರೆ ಹೆಮ್ಮೆ ಎಷ್ಟಿತ್ತೋ ಹೊಟ್ಟೆಯೊಳಗಿನ ಕಿಚ್ಚೂ ಅಷ್ಟೇ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಇಲ್ಲಿಯ ಕನ್ನಡದವರೆಲ್ಲ ಯುಗಾದಿಗೆ, ಗಣೇಶನ ಹಬ್ಬಕ್ಕೆ ಒಂದೆಡೆ ಸೇರುವುದಿತ್ತು. ಅಲ್ಲಿ ಪರಿಚಯವಾದವರು ಮೈಸೂರು ಕಡೆಯ ಒಬ್ಬ ಹಿರಿಯಾಕೆ. ಅವರ ಹೆಸರು ಬೇರೆ, ಇಲ್ಲಿ ರಾಜಮ್ಮನವರು ಎನ್ನುತ್ತೇನೆ. ಮಗ ಸೆಕ್ಟರ್ ಫೈವಿನ ಕಂಪನಿಯಲ್ಲಿ ದೊಡ್ಡ ಕೆಲಸದಲ್ಲಿದ್ದ. ಹೊಸದಾಗಿ ಮದುವೆಯಾದ ಸೊಸೆಯನ್ನು ನಯನಾ ಎನ್ನುತ್ತೇನೆ, ಮಂಡ್ಯದ ಕಡೆಯವಳು. ಆವತ್ತು ಊಟಕ್ಕೆ ಕೂತಾಗ ಅವಳು ತಟ್ಟೆಯಲ್ಲಿದ್ದ ಅನ್ನವನ್ನು ಕಲಸಿ ಕಲಸಿ ಬಿಡುತ್ತಿದ್ದಳು. ಬಡಿಸುತ್ತಿದ್ದ ಗಿರಿಜಾ ಅದನ್ನು ನೋಡಿದಳು. ಕೈ ತೊಳೆಯುವ ಕಡೆ ಇಬ್ಬರೂ ಏನೋ ಮಾತಾಡಿದರು.

ರಾಜಮ್ಮನವರು ಪ್ರತಿ ಗುರುವಾರ ನಮ್ಮ ಕ್ವಾರ್ಟರ್ಸಿನ ಹತ್ತಿರದ ಒಬ್ಬರ ಮನೆಗೆ ಭಜನೆಗೆ ಬರುತ್ತಿದ್ದರು. ಕೆಲವು ವಾರ ಕಳೆದು ಒಂದು ಗುರುವಾರ ಸೊಸೆಯನ್ನು ಕರೆದುಕೊಂಡು ನಮ್ಮ ಬಾಗಿಲಿಗೆ ಬಂದರು. “ಭಜನೆಗೆ ಕೂರಿಸಿದ್ರೆ ಅಳ್ತಾಳೆ ಕಸ್ತೂರಿ, ನಾಲ್ಕು ಜನದ ಮುಂದೆ ನಂಗೆ ನಾಚಿಕೆ. ನಿಮ್ಮ ಹತ್ರ ಸ್ವಲ್ಪ ಹೊಲಿಗೆನಾದ್ರೂ ಕಲೀಲಿ,” ಎಂದು ನನ್ನ ಹೆಸರು ಹಿಡಿದು ಹೇಳಿ ಬಿಟ್ಟು ಹೋದರು. ಆ ಹುಡುಗಿ ಒಬ್ಬಳೇ ಎಲ್ಲಿಗೂ ಹೋಗುವಂತಿರಲಿಲ್ಲ. ಕೈಗೆ ಸೂಜಿ ಕೊಟ್ಟೆ. ಸೂಜಿ ಹಿಡಿದುಕೊಂಡು ಕೂತಳು, ದಾರ ಪೋಣಿಸಲಿಲ್ಲ. ಗಿರಿಜಾ ಮನೆಗೆ ಬಂದಳು, ನೋಡಿದಳು. “ಅಕ್ಕ, ನಿಮ್ಮ ಜೊತೆ ಆವತ್ತು ಮಾತಾಡಿದ್ದು ಪೂರ್ತಿ ಆಗ್ಲಿಲ್ಲ,” ಎಂದು ಆ ಹುಡುಗಿ ಗಿರಿಜಾಗೆ ಹೇಳಿದಳು.

ಗಿರಿಜಾ ನನ್ನನ್ನು ಅಡಿಗೆಮನೆಗೆ ಕರೆದಳು. ಇದು ಆಗುವುದಿಲ್ಲ, ಈಕೆ ಜಾದವ್‌ಪುರಕ್ಕೆ ಬರಬೇಕು, ಬೇರೆ ಯಾರಾದರೂ ಕೇಳುತ್ತಾರೆ ಎಂದಳು. ಜಾದವ್‌ಪುರಕ್ಕೆ ಹೇಗೆ ಬರುತ್ತಾಳೆ ಎಂದೆ. ಅಲ್ಲಿ ಕನ್ನಡ ಬಲ್ಲವರು ಯಾರಿದ್ದಾರೆ ಎಂದೆ. ಆಗ ನಾನು ಆಡಬಾರದ ಮಾತು ಆಡಿದೆ.

“ನಿನಗ ನಿನ್ನ ಸರ್ಟಿಫಿಕೇಟ್ ದೊಡ್ಡದಾತೇನ? ಆ ಕೂಸಿನ ಮಾರಿ ನೋಡೀಯಿಲ್ಲ?”

“ಮಾರಿ ನೋಡೇ ಹೆದರಿಕಿ ಆಗೇತಿ ಅಕ್ಕಾ. ನಾ ಇನ್ನಾ ಕಲಿಯಾಕಿ.”

“ಕೇಳಾಕ ಏನ ಕಲೀಬೇಕವಾ. ಕಿವಿ ಅದಾವಿಲ್ಲ.”

ದುರ್ಗಾಪೂಜೆಯ ರಜೆ ಶುರುವಾಗುವುದರಲ್ಲಿತ್ತು. ಪೂಜೆ ಎಂದರೆ ಈ ಊರಿನಲ್ಲಿ ಎಲ್ಲವೂ ಮುಚ್ಚುತ್ತದೆ, ಸಂಸ್ಥೆಯೂ ತಿಂಗಳ ಮೇಲೆ ಮುಚ್ಚುತ್ತದೆ. ಅವಳ ಮೇಲೆ ಕಣ್ಣಿಟ್ಟು ಕಲಿಸುತ್ತಿದ್ದ ಅನುರಾಧಾದಿ ಆಗಲೇ ತವರಿಗೆ ಹೋಗಿದ್ದರು. ರಜೆ ಮುಗಿದ ಕೂಡಲೇ ಅವರಿಗೆ ಎಲ್ಲ ಹೇಳಿ ಈ ಹುಡುಗಿಯನ್ನು ಒಪ್ಪಿಸುತ್ತೇನೆ, ಅಲ್ಲಿಯವರೆಗೆ ಮಾತ್ರ ಎಂದು ಗಿರಿಜಾ ಒಪ್ಪಿದಳು. ಒಂದು ಕರಾರು ಹಾಕಿದಳು. ಅವರಿಬ್ಬರೂ ಒಳಗಿನ ಕೋಣೆಯಲ್ಲಿ ಕೂರುತ್ತಾರೆ. ನಾನು ಹೊರಗಿನ ಕೋಣೆಯಲ್ಲಿ ಮಿಷನ್ ತುಳಿಯುತ್ತಲೇ ಇರಬೇಕು.

“ಮಿಷನ್ ಸಪ್ಪಳಾನೇ ನಮಗ ಬಾಗಲಾ ಅಕ್ಕಾ. ಅದನ್ನ ತೆಗೀಬ್ಯಾಡ,” ಎಂದಳು.

ಮೊದಲ ಗುರುವಾರ ತುಳಿದೆ. ಪರದೆಯ ಆಚೆ ಬರೀ ಗುಣುಗುಣು. ಕಾಲು ನೋಯುವಷ್ಟು ತುಳಿದೆ. ಹೊಲಿಯಲು ಸೀರೆ ಮುಗಿದಾಗ ಹಳೆಯ ಬಟ್ಟೆಯ ಮೇಲೆ ಸುಮ್ಮನೆ ಹೊಲಿಗೆ ಓಡಿಸಿದೆ. ಎರಡನೆಯ ಗುರುವಾರ ದಾರ ಕಡಿಯಿತು. ಸೂಜಿಗೆ ಮತ್ತೆ ಪೋಣಿಸುವಷ್ಟು ಹೊತ್ತಿನಲ್ಲಿ ನಯನಾಳ ಒಂದು ಮಾತು ಕಿವಿಗೆ ಬಿತ್ತು. ಅಷ್ಟೇ ಆಗಿದ್ದರೆ ಅದು ನನ್ನ ತಪ್ಪಲ್ಲ ಎನ್ನಬಹುದಿತ್ತು. ಆದರೆ ಆ ಮಾತು ಕೇಳಿದ ಮೇಲೆ ಮುಂದಿನದನ್ನು ಕೇಳದೇ ಇರಲು ನನ್ನಿಂದ ಆಗಲಿಲ್ಲ. ತುಳಿಯುವ ಮಿಷನ್ನಿನ ಗುಟ್ಟು ಅದರ ಮೇಲೆ ಕೂತವರಿಗೆ ಗೊತ್ತು. ಜೋರಾಗಿ ತುಳಿದರೆ ಪಕ್ಕದಲ್ಲಿ ಡೋಲು ಬಾರಿಸಿದರೂ ಕೇಳಿಸುವುದಿಲ್ಲ. ಪೂರ್ತಿ ನಿಲ್ಲಿಸಿದರೆ ಒಳಗಿನವರಿಗೆ ತಿಳಿಯುತ್ತದೆ. ಪಾದವನ್ನು ಹಗುರ ಮಾಡಿ ನಿಧಾನ ತುಳಿದರೆ ಸದ್ದೂ ಇರುತ್ತದೆ, ಸದ್ದಿನ ಸಂದಿಯಲ್ಲಿ ಮಾತೂ ಕೇಳಿಸುತ್ತದೆ. ಹಾಗೆ ತುಳಿದೆ. ಆ ಗುರುವಾರ, ಅದರ ಮುಂದಿನ ಗುರುವಾರ, ಅದರಾಚೆಯದು.

ಆ ಹುಡುಗಿ ಏನು ಹೇಳಿದಳು ಎಂದು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಹೇಳಬಾರದವರಿಗೆ ಹೇಳಿಯಾಗಿದೆ. ಗಂಡನ ಮನೆಯ ಬಾಗಿಲು ಮುಚ್ಚಿದ ಮೇಲೆ ನಡೆಯುತ್ತಿದ್ದುದು, ಮೈಮೇಲೆ ಬಟ್ಟೆ ಮುಚ್ಚಿದ ಕಡೆ ಗುರುತು ಉಳಿಯುವಂಥದು, ಎಂದರೆ ಸಾಕು.

ನಾನು ಸುಮ್ಮನಿದ್ದುಬಿಡಬೇಕಿತ್ತು. ಆದರೆ ನನಗೆ ಆಯಿ ಕಣ್ಣ ಮುಂದೆ ಬಂದಳು. ಇಷ್ಟು ಕೇಳಿಸಿಕೊಂಡೂ ಸುಮ್ಮನೆ ಕೂತಿರುವ ತಂಗಿಯ ವಿದ್ಯೆ ಎಂಥದು ಎನ್ನಿಸಿತು. ಬರೀ ‘ಹೂಂ’ ಎನ್ನುತ್ತಾಳೆ, ‘ಆಗ ನಿಮಗೆ ಹೇಗನ್ನಿಸಿತು’ ಎಂದು ಕೇಳುತ್ತಾಳೆ, ಎದ್ದು ಹೋಗಿ ಯಾರಿಗೂ ಬುದ್ಧಿ ಹೇಳುವುದಿಲ್ಲ. ರಾಜಮ್ಮನವರು ದೇವರಂಥ ಹೆಂಗಸು, ಭಜನೆ ಹಾಡುವವರು. ಮಗನ ಸುದ್ದಿ ಅವರಿಗೆ ಗೊತ್ತಿರಲಿಕ್ಕಿಲ್ಲ, ಗೊತ್ತಾದರೆ ಕಿವಿ ಹಿಂಡಿ ಸರಿ ಮಾಡುತ್ತಾರೆ ಎಂದು ನಂಬಿದೆ. ನಮ್ಮ ಓಣಿಯಲ್ಲಿ ಹೀಗೇ ನಡೆಯುತ್ತಿತ್ತು. ಹಿರಿಯಳಿಗೆ ಹೇಳಿದರೆ ಹಿರಿಯಳು ನೋಡಿಕೊಳ್ಳುತ್ತಾಳೆ. ಓಣಿಯಲ್ಲಾದರೆ ಹೇಳಿದ ಮರುದಿನವೂ ಆ ಮನೆಯ ಮೇಲೆ ಹತ್ತು ಹೆಂಗಸರ ಕಣ್ಣಿರುತ್ತಿತ್ತು ಎನ್ನುವುದು ನನಗೆ ಹೊಳೆಯಲೇ ಇಲ್ಲ. ರಾಜಮ್ಮನವರಿದ್ದ ಸಾಲ್ಟ್ ಲೇಕಿನ ಫ್ಲಾಟಿನಲ್ಲಿ ಪಕ್ಕದ ಬಾಗಿಲಿನವರ ಹೆಸರೂ ಅವರಿಗೆ ಗೊತ್ತಿರಲಿಲ್ಲ.

ಪಿಕೋ ಮುಗಿದ ಸೀರೆ ಕೊಡುವ ನೆಪ ಮಾಡಿ ಅಲ್ಲಿಗೆ ಹೋದೆ. ಗಿರಿಜಾಗೆ ಹೇಳಲಿಲ್ಲ. ರಾಜಮ್ಮನವರು ಸೋಫಾದ ಮೇಲೆ ಕೂರಿಸಿ ಫಿಲ್ಟರ್ ಕಾಫಿ ಕೊಟ್ಟರು. ಈ ಊರಲ್ಲಿ ಅಂಥ ಕಾಫಿ ಕುಡಿದು ಬಹಳ ಕಾಲವಾಗಿತ್ತು. ನಾನು ದನಿ ಇಳಿಸಿ, ಕೇಳಿದ್ದನ್ನೆಲ್ಲ ಹೇಳಿದೆ. “ನಿಮ್ಮ ಮಗನಿಗೆ ನೀವೇ ಸ್ವಲ್ಪ ಹೇಳ್ರಿ ಅಮ್ಮಾ,” ಎಂದೆ. ಅವರ ಮುಖ ಒಂದಿಷ್ಟೂ ಬದಲಾಗಲಿಲ್ಲ. ಅದನ್ನು ನಾನು ದೊಡ್ಡತನ ಎಂದುಕೊಂಡೆ.

“ಒಳ್ಳೆ ಕೆಲ್ಸ ಮಾಡಿದ್ರಿ ಕಸ್ತೂರಿ,” ಎಂದರು. “ಮನೆ ಮಾತು ಮನೇಲೇ ಮುಗೀಬೇಕು. ಇನ್ನೊಂದು ಸ್ವಲ್ಪ ಕಾಫಿ ಹಾಕ್ಲಾ?”

ಲೋಟ ಕೆಳಗಿಟ್ಟು ತಲೆ ಎತ್ತಿದಾಗ ಅಡಿಗೆಮನೆಯ ಬಾಗಿಲಲ್ಲಿ ನಯನಾ ನಿಂತಿದ್ದಳು. ಯಾವಾಗ ಬಂದು ನಿಂತಿದ್ದಳೋ. ಅವಳು ನನ್ನನ್ನು ನೋಡಿದಳು. ಬೈಯುವ ನೋಟವಲ್ಲ, ಅಳುವ ನೋಟವೂ ಅಲ್ಲ. ಬಸ್ಸು ಹೊರಟುಹೋದದ್ದನ್ನು ನಿಂತು ನೋಡುವವರು ಹಾಗೆ ನೋಡುತ್ತಾರೆ. ನಾನು ಇನ್ನೊಂದು ಸ್ವಲ್ಪ ಕಾಫಿ ಕುಡಿದೇ ಬಂದೆ.

ಮುಂದಿನ ಗುರುವಾರ ನಯನಾ ಬರಲಿಲ್ಲ. ಅವಳ ಹೊಲಿಗೆಯ ಬಟ್ಟೆ ನಮ್ಮ ಮನೆಯಲ್ಲೇ ಉಳಿಯಿತು. ಸಂಸ್ಥೆ ತೆರೆದ ದಿನವೇ ರಾಜಮ್ಮನವರ ಮಗನ ದೂರು ಅಲ್ಲಿ ಕಾಯುತ್ತಿತ್ತಂತೆ. ಇನ್ನೂ ಸರ್ಟಿಫಿಕೇಟ್ ಇಲ್ಲದ ಹುಡುಗಿ ಮನೆಯಲ್ಲಿ ಕದ್ದು ಕೂರಿಸಿಕೊಂಡು ನನ್ನ ಹೆಂಡತಿಯ ತಲೆ ಕೆಡಿಸಿದ್ದಾಳೆ, ಸಂಸಾರದ ಮಾತನ್ನು ಅಕ್ಕನ ಕೈಯಲ್ಲಿ ಊರೆಲ್ಲ ಹರಡಿಸಿದ್ದಾಳೆ, ಎಂದು. ಗಿರಿಜಾ ಸಂಜೆ ಬಂದು ಮಿಷನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತಳು. ದೂರಿನ ಸುದ್ದಿ ಹೇಳಿದಳು. ಯಾರು ಹೇಳಿದ್ದು ಎಂದು ನನ್ನನ್ನು ಕೇಳಲಿಲ್ಲ. ಅನುರಾಧಾದಿ ನಿನ್ನ ಜೊತೆ ಮಾತಾಡಬೇಕಂತೆ, ನಾಳೆ ಬಾ ಎಂದಳು ಅಷ್ಟೇ.

ಇಲ್ಲಿ ಹೆಂಗಸರ ಹೆಸರಿಗೆ ‘ದಿ’ ಸೇರಿಸುತ್ತಾರೆ, ಅಕ್ಕ ಎಂದು ಅರ್ಥ. ಅನುರಾಧಾದಿ ನನ್ನಷ್ಟೇ ವಯಸ್ಸಿನವರು, ಬಿಳಿಯ ಸೀರೆ, ದಪ್ಪ ಕನ್ನಡಕ. ಕೋಣೆಯಲ್ಲಿ ಇನ್ನಿಬ್ಬರು ಓದಿದವರು ಕೂತಿದ್ದರು. ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಟ್ಟರು. ಗಿರಿಜಾ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ಮನೆಯಲ್ಲಿ ಕೂರಿಸಿಕೊಂಡದ್ದು ತನ್ನ ತಪ್ಪು ಎಂದು ಅವಳು ಆಗಲೇ ಒಪ್ಪಿಕೊಂಡಿದ್ದಳು. ಅದಕ್ಕೆ ಒಂದಿಷ್ಟು ತಿಂಗಳು ಹೆಚ್ಚಿಗೆ ಕಲಿಯಬೇಕಾಗುತ್ತದೆ, ಅಷ್ಟೇ ಎಂದು ಹಿಂದಿನ ದಿನ ನನಗೆ ಹೇಳಿದ್ದಳು. ಉಳಿದಿದ್ದು ಒಂದೇ ಪ್ರಶ್ನೆ. ಕೇಳಿದ ಮಾತನ್ನು ಅವಳೇ ಬಾಯಿ ಬಿಟ್ಟಳೇ, ಇಲ್ಲವೇ. ತಾನು ಹೇಳಿಲ್ಲ ಎಂದಿದ್ದಳು, ಅದಕ್ಕೆ ಸಾಕ್ಷಿ ನಾನೊಬ್ಬಳೇ. ಬಾಯಿ ಬಿಟ್ಟಿದ್ದರೆ ಕ್ಷಮೆಯಿಲ್ಲ. ಆ ಕೆಲಸದಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ.

ಅನುರಾಧಾದಿ ನನಗಾಗಿ ನಿಧಾನವಾಗಿ, ಬಿಡಿಬಿಡಿಯಾಗಿ, ಸರಳ ಹಿಂದಿಯಲ್ಲಿ ಕೇಳಿದರು. ಆ ಹುಡುಗಿಯ ಮಾತುಗಳು ನಿಮಗೆ ಹೇಗೆ ಗೊತ್ತಾದವು, ನಿಮ್ಮ ತಂಗಿ ಹೇಳಿದಳೇ, ಎಂದು. ಪ್ರತಿ ಅಕ್ಷರ ತಿಳಿಯಿತು. ‘ಇಲ್ಲ, ನಾನು ಕದ್ದು ಕೇಳಿದೆ’ ಎಂದು ಹಿಂದಿಯಲ್ಲಿ ಹೇಳಲು ನನಗೆ ಬರುತ್ತಿತ್ತು. ಬಂಗಾಳಿಯಲ್ಲೂ ಬರುತ್ತಿತ್ತು. ಆ ಕೋಣೆ, ಆ ಕನ್ನಡಕಗಳು, ಪರದೆಯ ಹಿಂದೆ ಕಿವಿ ಇಟ್ಟು ಕೂತವಳು ಎಂದು ನಾಳೆ ಕನ್ನಡದವರೆಲ್ಲ ಆಡಿಕೊಳ್ಳುವುದು, ನಮ್ಮ ಮನೆಯವರ ಮುಖ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ನಾನು ತಲೆ ಅಲ್ಲಾಡಿಸಿದೆ.

“ಹಿಂದಿ ನಹೀ ಆತಾ,” ಎಂದೆ.

ಅನುರಾಧಾದಿ ಗಿರಿಜಾ ಕಡೆ ನೋಡಿ, ಹಾಗಾದರೆ ನೀನೇ ಕನ್ನಡದಲ್ಲಿ ಕೇಳು ಎಂದರು. ಗಿರಿಜಾ ನನ್ನ ಕಡೆ ತಿರುಗಿದಳು.

“ಅಕ್ಕಾ, ದೀದಿ ಕೇಳಾಕತ್ತಾರ. ಆ ಹುಡುಗಿ ಮಾತು ನಿನಗ ಹೆಂಗ ಗೊತ್ತಾತು? ನಾ ಹೇಳೀನೇನು?”

“ನನಗ ನೆನಪಿಲ್ಲವಾ,” ಎಂದೆ.

ಆ ಕೋಣೆಯಲ್ಲಿ ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಕನ್ನಡ ಬರುತ್ತಿರಲಿಲ್ಲ. ನಾನು ಏನು ಹೇಳಿದೆ ಎಂದು ಅವಳು ಹೇಳಿದ್ದೇ ಸತ್ಯವಾಗುತ್ತಿತ್ತು. ‘ಅಕ್ಕ ತಾನೇ ಕೇಳಿಸಿಕೊಂಡಳಂತೆ’ ಎಂದು ಅವಳು ತಿರುಗಿಸಿ ಹೇಳಬಹುದಿತ್ತು, ಅದು ನಿಜವೂ ಆಗಿತ್ತು. ಅವಳು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಅವರ ಕಡೆ ತಿರುಗಿ ಇಂಗ್ಲಿಷಿನಲ್ಲಿ, ನೆನಪಿಲ್ಲ ಅನ್ನುತ್ತಾರೆ ಎಂದಳು. ಅಷ್ಟು ಇಂಗ್ಲಿಷ್ ನನಗೂ ತಿಳಿಯುತ್ತದೆ.

ವಾಪಸು ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆಗಾಗಿ ರಗಳೆ ಮಾಡಿದ. ಅಭ್ಯಾಸಬಲದಿಂದ ಅವನ ಜೊತೆ ಹಿಂದಿಯಲ್ಲೇ ಜಗಳಕ್ಕೆ ನಿಂತೆ. ನಡುವೆ ನೆನಪಾಗಿ ಬಾಯಿ ಮುಚ್ಚಿದೆ. ಗಿರಿಜಾ ಕಿಟಕಿಯಾಚೆ ನೋಡುತ್ತಿದ್ದಳು. ತಿರುಗದೇ, “ದೀದಿ ಹಿಂದಿ ಭಾಳ ಸರಳ ಇತ್ತಲ್ಲ ಅಕ್ಕಾ,” ಎಂದಳು. ಆ ವಿಷಯವಾಗಿ ಅವಳು ಆಡಿದ್ದು ಅದೊಂದೇ ಮಾತು.

ಸಂಸ್ಥೆಯವರು ಸಹಿ ಹಾಕಲಿಲ್ಲ. ಕೇಳಿದ್ದ ತಾಸುಗಳೆಲ್ಲ ಲೆಕ್ಕದಿಂದ ಹೋದವು. ಬೇಕಾದರೆ ಕೆಲಕಾಲ ಬಿಟ್ಟು ಹೊಸದಾಗಿ ಅರ್ಜಿ ಹಾಕಿ, ಮೊದಲಿನಿಂದ ಕಲಿಯಬಹುದು ಎಂದರು. ಕಂಪನಿಯ ಕೆಲಸಕ್ಕೆ ಬೇರೆ ಯಾರೋ ಬಂದರು. ನಯನಾಳನ್ನು ನೋಡಲು ಅನುರಾಧಾದಿಯೇ ಇನ್ನೊಬ್ಬರನ್ನು ಕರೆದುಕೊಂಡು ಸಾಲ್ಟ್ ಲೇಕಿಗೆ ಹೋಗಿದ್ದರಂತೆ. ಅಷ್ಟರಲ್ಲಿ ಆ ಮನೆಯವರು ಫ್ಲಾಟ್ ಖಾಲಿ ಮಾಡಿ ಬೇರೆ ಊರಿಗೆ ಹೋಗಿಬಿಟ್ಟಿದ್ದರು. ಯಾವ ಊರು ಎಂದು ಭಜನೆಯವರಿಗೂ ಗೊತ್ತಿರಲಿಲ್ಲ. ನಾನು ಕೆಲವು ಸಲ ಮಂಡ್ಯದ ಕಡೆಯವರು ಸಿಕ್ಕರೆ ವಿಚಾರಿಸಿದ್ದೇನೆ. ಹೆಸರೊಂದನ್ನು ಹಿಡಿದು ಏನು ಹುಡುಕುವುದು. ಅವಳು ಚೆನ್ನಾಗಿದ್ದಾಳೆ ಎಂದು ನಂಬಲು ಪ್ರಯತ್ನ ಮಾಡುತ್ತೇನೆ. ಕೆಲವು ದಿನ ಆಗುತ್ತದೆ, ಕೆಲವು ದಿನ ಆಗುವುದಿಲ್ಲ.

ಗಿರಿಜಾ ಹುಬ್ಬಳ್ಳಿಗೆ ಹೋದಳು. ಒಂದು ಖಾಸಗಿ ಶಾಲೆಯಲ್ಲಿ ಮಕ್ಕಳಿಗೆ ಲೈಬ್ರರಿ ಪುಸ್ತಕ ಕೊಡುವ ಕೆಲಸ ಅವಳದು. ನಾನು ಮತ್ತೆ ಅರ್ಜಿ ಹಾಕು ಎಂದು ಒಂದೆರಡು ಸಲ ಹೇಳಿ ನೋಡಿದೆ. “ನೋಡೂಣು” ಎಂದಳು.

ಹೋದ ವರ್ಷ ಧೈರ್ಯ ಮಾಡಿ ಜಾದವ್‌ಪುರಕ್ಕೆ ಹೋದೆ. ಅನುರಾಧಾದಿ ಅದೇ ಕೋಣೆಯಲ್ಲಿದ್ದರು, ಕೂದಲು ಬೆಳ್ಳಗಾಗಿತ್ತು. ನಾನು ಬಂಗಾಳಿಯಲ್ಲಿ ಮಾತು ಶುರು ಮಾಡಿದೆ. ಅವರು ಆಶ್ಚರ್ಯಪಡಲಿಲ್ಲ. ಮಿಷನ್ನಿನ ಕಥೆ, ರಾಜಮ್ಮನವರ ಕಾಫಿಯ ಕಥೆ, ಎಲ್ಲವನ್ನೂ ಹೇಳಿದೆ. ನಡುವೆ ಒಮ್ಮೆಯೂ ತಡೆಯದೆ ಕೇಳಿದರು. ನನ್ನ ಜೀವನದಲ್ಲಿ ಅಷ್ಟು ಹೊತ್ತು ಯಾರೂ ನನ್ನ ಮಾತನ್ನು ಕೇಳಿಲ್ಲ. ಕೇಳುವುದಕ್ಕೆ ಕಲಿಯಬೇಕು ಎಂದು ಗಿರಿಜಾ ಹೇಳಿದ್ದು ಅಲ್ಲಿ ಕೂತಾಗ ತಿಳಿಯಿತು.

ಈಗ ನಿಜ ಹೇಳಿದ್ದೇನೆ, ಅವಳಿಗೆ ಸರ್ಟಿಫಿಕೇಟ್ ಕೊಡಿ ಎಂದು ಕೇಳಿದೆ. ನೀವು ಕೇಳಿದರೆ ಆಗುವುದಿಲ್ಲ, ಅವಳು ಬಂದು ಕೇಳಬೇಕು, ಮೊದಲಿನಿಂದ ಕಲಿಯಬೇಕು ಎಂದರು. ಆವತ್ತು ನಾನು ಹೊರಗೆ ಹೋದ ಮೇಲೆ ಗಿರಿಜಾ ಒಬ್ಬಳೇ ನಿಮ್ಮ ಹತ್ತಿರ ಏನಾದರೂ ಹೇಳಿದಳೇ, ನನ್ನ ಬಗ್ಗೆ ಏನಂದಳು ಎಂದು ಕೇಳಿದೆ. ಅದನ್ನು ತಿಳಿಯಲಿಕ್ಕೇ ಹೋಗಿದ್ದೆನೋ ಏನೋ.

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

“ಗಿರಿಜಾ ಈ ಕೋಣೆಯಲ್ಲಿ ಹೇಳಿದ್ದು ಈ ಕೋಣೆಯದು ಬೌದಿ,” ಎಂದರು. “ನಿಮಗೆ ಹೇಳಲಾರೆ. ನೀವು ಇವತ್ತು ಹೇಳಿದ್ದನ್ನೂ ಅವಳಿಗೆ ಹೇಳಲಾರೆ. ಅದನ್ನು ನೀವೇ ಹೇಳಬೇಕು.”

ನಮ್ಮ ಮನೆಯವರ ನಿವೃತ್ತಿ ಹತ್ತಿರ ಬಂದಿದೆ. ಕ್ವಾರ್ಟರ್ಸ್ ಬಿಡಬೇಕು. ಹುಬ್ಬಳ್ಳಿಗೆ ಹೋಗೋಣ, ನಿನ್ನ ತಂಗಿಯೂ ಹತ್ತಿರ ಇರುತ್ತಾಳೆ, ಮಿಷನ್ನನ್ನು ಪಾರ್ಸೆಲ್ ಹಾಕಿಸುತ್ತೇನೆ ಎನ್ನುತ್ತಾರೆ. ಅವರಿಗೆ ಏನೂ ಗೊತ್ತಿಲ್ಲ. ಇದನ್ನು ಅಚ್ಚಿನಲ್ಲಿ ಓದಿಯೇ ಅವರಿಗೆ ತಿಳಿಯುತ್ತದೆ. ಹೋದ ಸಲ ಬೆಟಗೇರಿಗೆ ಹೋದಾಗ ಹೊತ್ತು ಮುಳುಗುವ ಹೊತ್ತಿಗೆ ನನ್ನ ಕಿವಿ ಶಂಖಕ್ಕಾಗಿ ಕಾಯುತ್ತಿತ್ತು. ಯಾರೂ ಊದಲಿಲ್ಲ. ಓಣಿಯಲ್ಲಿ ಯಾರೂ ದೀಪವನ್ನೇ ಹಚ್ಚಿಲ್ಲವೇನೋ ಎನ್ನುವಂತೆ ಭಣಭಣ ಅನ್ನಿಸಿತು. ಅಲ್ಲಿಯವರು ನನ್ನನ್ನು ‘ಕಲಕತ್ತಾದಾಕಿ’ ಎನ್ನುತ್ತಾರೆ. ಇಲ್ಲಿಯ ಪಾಡಾದಲ್ಲಿ ಇಷ್ಟು ವರ್ಷವಾದರೂ ‘ಮದ್ರಾಸಿ ಬೌದಿ’. ಇಲ್ಲೇ ಎಲ್ಲಾದರೂ ಬಾಡಿಗೆ ಹಿಡಿಯೋಣ, ಹೊಲಿಗೆಯ ಗಿರಾಕಿಗಳಿದ್ದಾರೆ ಎಂದು ನಮ್ಮವರಿಗೆ ಸಬೂಬು ಹೇಳುತ್ತಿದ್ದೇನೆ.

ಗಿರಿಜಾ ಭಾನುವಾರ ಫೋನ್ ಮಾಡುತ್ತಾಳೆ. ತಪ್ಪಿಸುವುದಿಲ್ಲ. ತನ್ನ ಸುದ್ದಿ ಏನೂ ಹೇಳುವುದಿಲ್ಲ. “ಹೆಂಗದೀ ಅಕ್ಕಾ?” ಎಂದು ಕೇಳಿ ಸುಮ್ಮನಾಗುತ್ತಾಳೆ. ಬೇರೆಯವರಾದರೆ ಆ ಸುಮ್ಮನಿರುವಿಕೆಯನ್ನು ಏನಾದರೂ ಹೇಳಿ ತುಂಬುತ್ತಾರೆ. ಅವಳು ತುಂಬುವುದಿಲ್ಲ, ಕಾಯುತ್ತಾಳೆ, ಅವಳು ಕಲಿತದ್ದೇ ಅದು. ನಾನು ಪೊಟೋಲಿನ ಧಾರಣೆ ಹೇಳುತ್ತೇನೆ, ಮಳೆಯ ನೀರು ರಸ್ತೆಯಲ್ಲಿ ನಿಂತದ್ದು ಹೇಳುತ್ತೇನೆ. ಅವಳು ಮತ್ತೆ ಕಾಯುತ್ತಾಳೆ. ಕೆಳಗಿನ ಮನೆಯಲ್ಲಿ ಶಂಖ ಊದುತ್ತಾರೆ, ಅದು ಅವಳಿಗೂ ಕೇಳಿಸುತ್ತಿರಬೇಕು. ಹಾಲು ಉಕ್ಕುತ್ತದೆ ಎಂದು ಹೇಳಿ ಫೋನ್ ಇಡುತ್ತೇನೆ. ಅವಳು ಕೇಳುವುದು ಕನ್ನಡದಲ್ಲಿ. ತಿಳಿಯಲಿಲ್ಲ ಎನ್ನುವಂತಿಲ್ಲ.